ಬಾಳೆಹಣ್ಣಿನ ಮೇಲಿನ ಸಣ್ಣ ನೊಣ ಒಂದೇ ರೆಕ್ಕೆ ನಡುಗಿಸುತ್ತೆ, ಯಾಕೆ?

ಚುಕ್ಕಿಬಾಳೆ:
ಒಂದು ಚಿಪ್ಪು ಪಚ್ಚಬಾಳೆ ತಂದಿಟ್ಟು ಊರಿಗೆ ಹೋಗಿಬಿಟ್ಟಿದ್ವಿ. ವಾಪಸ್ ಬಂದು ನೋಡಿದ್ರೆ ಸಿಪ್ಪೆಯೆಲ್ಲ ಕಪ್ಪಾಗಿ, ಸಾಸಿವೆ ಕಾಳಿನಷ್ಟು ಸಣ್ಣ ನೊಣಗಳು ಮುತ್ಕೊಂಡಿವೆ. ಅಮ್ಮ ಎತ್ತಿ ಎಸೆಯೋಕೆ ಹೊರಟಿದ್ರು, ನಾನೇ ತಡೆದೆ. ಮಗನ ಹತ್ರ ಫೋನಿಗೆ ಸಿಕ್ಕಿಸೋ ಲೆನ್ಸ್ ಇತ್ತು, ಅದನ್ನ ಹಾಕಿ ನೋಡ್ತಾ ಕೂತೆ. ಕೂತವಳು ಏಳಲಿಲ್ಲ, ಸಾರು ತಳ ಹತ್ತಿತು.

ಕಂಡದ್ದು ಇಷ್ಟು. ಎರಡು ನೊಣ. ಒಂದು ಸ್ವಲ್ಪ ದಪ್ಪ, ಹೊಟ್ಟೆಯ ತುದಿ ಚೂಪು. ಇನ್ನೊಂದು ಸಣ್ಣದು, ಹಿಂಭಾಗ ಮಸಿ ಬಳಿದ ಹಾಗೆ ಕಪ್ಪು. ಸಣ್ಣದು ದಪ್ಪದ್ದರ ಬೆನ್ನು ಬಿಡಲ್ಲ. ಮುಂಗಾಲಿಂದ ಒಮ್ಮೆ ತಟ್ಟುತ್ತೆ. ಆಮೇಲೆ ಒಂದೇ ಒಂದು ರೆಕ್ಕೆಯನ್ನ ಮೈಗೆ ಅಡ್ಡವಾಗಿ ಚಾಚಿ ನಡುಗಿಸುತ್ತೆ, ಮಡಚುತ್ತೆ. ಇನ್ನೊಂದು ಪಕ್ಕಕ್ಕೆ ಹೋಗಿ ಇನ್ನೊಂದು ರೆಕ್ಕೆ. ದಪ್ಪದ್ದು ಹಿಂಗಾಲಲ್ಲಿ ಜಾಡಿಸಿ ಒದ್ದು ಮುಂದೆ ಹೋಯ್ತು. ಇದು ಮತ್ತೆ ಹಿಂದೆ. ಹತ್ತು ನಿಮಿಷ ಇದೇ ಆಟ.

ಜಗಳನಾ, ಸರಸನಾ? ಎರಡು ರೆಕ್ಕೆ ಇರುವಾಗ ಒಂದನ್ನೇ ಯಾಕೆ?

ಕೆರೆದಂಡೆ:
ಲವ್ವು ಕಣಮ್ಮ. ಒದೆ ತಿಂದ್ರೂ ಹಿಂದೆ ಹೋಗ್ತಿದ್ದಾನೆ ಅಂದ್ರೆ ಇನ್ನೇನು.

ಹುಬ್ಬಳ್ಳಿ ಗಿರಮಿಟ್:
ನಮ್ಮ ಕಡೆ ಇದಕ್ಕ ಗುಂಗಾಡಿ ಅಂತೀವ್ರಿ. ಒಂದು ಲೋಟಕ್ಕ ವಿನೆಗರ್ ಹಾಕಿ, ಎರಡು ಹನಿ ಪಾತ್ರೆ ತೊಳಿಯೋ ಸೋಪು ಬಿಟ್ಟು ಇಡ್ರಿ. ಬೆಳಗಾದ್ರ ಎಲ್ಲಾ ಒಳಗ ಬಿದ್ದಿರ್ತಾವ.

ಕಡಲತಡಿ:
ಗುಂಗಾಡಿ ಅಂದ್ರೆ ಸೊಳ್ಳೆ ಅಲ್ವಾ ಮಾರಾಯ್ರೆ? ನಮ್ಮಲ್ಲಿ ಸೊಳ್ಳೆಗೆ ನುಸಿ ಅಂತಾರೆ. ಇದು ಬರೀ ನೊಣ.

ಹುಬ್ಬಳ್ಳಿ ಗಿರಮಿಟ್:
ಸೊಳ್ಳಿಗೂ ಅಂತಾರ, ಇದಕ್ಕೂ ಅಂತಾರ. ಸಣ್ಣದು, ಹಾರ್ತೈತಿ, ತ್ರಾಸ ಕೊಡ್ತೈತಿ. ಹೆಸರಿಗೆ ಅಷ್ಟು ಸಾಕಲ್ರೀ.

ರವೆಬಾಟಲಿ:
ಸರಸವೇ. ಎಂ.ಎಸ್‌ಸಿ. ಮಾಡುವಾಗ ಎರಡು ವರ್ಷ ಇವುಗಳಿಗೆ ಅಡುಗೆ ಮಾಡಿ ಹಾಕಿದವಳು ನಾನು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಸಹಿಸ್ಕೊಳ್ಳಿ.

ನೀವು ನೋಡಿದ್ದು ಬಹುಶಃ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್. ಹಿಂಭಾಗ ಕಪ್ಪಗಿರೋದು ಗಂಡು, ದಪ್ಪಗೆ ಚೂಪು ತುದಿಯದು ಹೆಣ್ಣು. ಗಂಡಿನ ಮುಂಗಾಲಲ್ಲಿ ಒಂದು ಸಣ್ಣ ಕಪ್ಪು ಬಾಚಣಿಗೆ ಇರುತ್ತೆ, ನಿಮ್ಮ ಲೆನ್ಸಿಗೆ ಚುಕ್ಕಿಯ ಹಾಗೆ ಕಾಣಬಹುದು. ಆಟದ ಕ್ರಮ ಹೆಚ್ಚುಕಮ್ಮಿ ಹೀಗೆ: ಅವಳ ಕಡೆ ತಿರುಗಿ ನಿಲ್ಲೋದು, ಹಿಂಬಾಲಿಸೋದು, ತಟ್ಟೋದು, ರೆಕ್ಕೆ ಚಾಚಿ ಹಾಡೋದು, ಹಿಂದಿನಿಂದ ಬಾಯಿ ತಾಗಿಸಿ ನೆಕ್ಕೋದು, ಹೊಟ್ಟೆ ಬಾಗಿಸಿ ಹತ್ತೋಕೆ ನೋಡೋದು. ಹೆಣ್ಣು ಒಪ್ಪಿದ್ರೆ 15ರಿಂದ 20 ನಿಮಿಷ ಕೂಡಿಕೊಂಡೇ ಇರ್ತವೆ. ಒಪ್ಪದಿದ್ರೆ ಮತ್ತೆ ಮೊದಲಿಂದ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಗನ್ ಅವರ ನೊಣದ ಕೋಣೆಯಲ್ಲಿದ್ದ ಸ್ಟರ್ಟೆವಂಟ್ 1915ರಲ್ಲೇ ಇದನ್ನೆಲ್ಲ ಕೂತು ನೋಡಿ ಬರೆದಿಟ್ಟಿದ್ದಾರೆ. ಅವರ ಸಾರೂ ತಳ ಹತ್ತಿತ್ತೋ ಏನೋ.

ತಟ್ಟೋದು ಸುಮ್ಮನೆ ಅಲ್ಲ, ಅದು ರುಚಿ ನೋಡೋದು. ನೊಣಕ್ಕೆ ಕಾಲಲ್ಲೂ ನಾಲಿಗೆ. ಹೆಣ್ಣಿನ ಮೈಮೇಲೆ ಮೇಣದಂಥ ಒಂದು ಲೇಪ ಇರುತ್ತೆ, ಜಾತಿಯಿಂದ ಜಾತಿಗೆ ಬೇರೆ. ಇವಳು ನಮ್ಮವಳೇ ಹೌದೋ ಅಲ್ಲವೋ ಅಂತ ಕಾಲು ತಾಗಿಸಿ ತಿಳ್ಕೊಳ್ತಾನೆ. ಇನ್ನು ಒಂದೇ ರೆಕ್ಕೆ ಯಾಕೆ ಅಂದ್ರೆ, ಸಾಮಾನ್ಯವಾಗಿ ಅವಳ ಕಡೆಗೆ ಹತ್ತಿರ ಇರೋ ರೆಕ್ಕೆಯನ್ನೇ ಚಾಚೋದು. ಪಕ್ಕ ಬದಲಾಯಿಸಿದ್ರೆ ರೆಕ್ಕೆಯೂ ಬದಲು. ನೀವು ಅದನ್ನೇ ನೋಡಿದ್ದೀರಿ.

ಅನುಮಾನಪ್ಪ:
"ಹಾಡು" ಅಂತೀರಲ್ಲ, ಯಾರಿಗೆ ಕೇಳಿಸುತ್ತೆ? ನಾನೂ ಕಿವಿ ಕೊಟ್ಟು ನೋಡಿದ್ದೀನಿ, ಏನೂ ಇಲ್ಲ. ಮನುಷ್ಯರ ಕಥೆಯನ್ನ ನೊಣದ ಮೇಲೆ ಹೇರೋದು ಬಿಡಿ.

ರವೆಬಾಟಲಿ:
ಕಿವಿಗೆ ಕೇಳಲ್ಲ, ಅಷ್ಟು ಮೆಲ್ಲಗೆ. ಸೂಕ್ಷ್ಮ ಮೈಕ್ ಇಟ್ಟು ಹಿಡಿದಿದ್ದಾರೆ. ಎರಡು ಬಗೆ ಇದೆ. ಒಂದು ಸೆಕೆಂಡಿಗೆ ಸುಮಾರು 160 ಕಂಪನದ ಗುಂಯ್ ಅನ್ನೋ ಎಳೆತ. ಇನ್ನೊಂದು ಟಪ್ ಟಪ್ ಅಂತ ಬಿಡಿಬಿಡಿ ಮಿಡಿತ, ಒಂದರಿಂದ ಒಂದಕ್ಕೆ ಸುಮಾರು 35 ಮಿಲಿಸೆಕೆಂಡ್. ಇದರ ತಂಗಿಯಂಥ ಸಿಮ್ಯುಲನ್ಸ್ ಅನ್ನೋ ಜಾತಿಯಲ್ಲಿ ಆ ಅಂತರ ಇನ್ನೂ ಜಾಸ್ತಿ. ಹೆಣ್ಣಿನ ಮೀಸೆಯ ತುದಿಯಲ್ಲಿ ಗರಿಯಂಥದ್ದೊಂದು ಇದೆ, ಗಾಳಿ ಅಲುಗಿದ್ರೆ ಅದು ಅಲುಗುತ್ತೆ, ಅದೇ ಅವಳ ಕಿವಿ. ಗಂಡಿನ ರೆಕ್ಕೆ ಕತ್ತರಿಸಿ ಬಿಟ್ರೆ ಪಾಪ ಅದೇ ಉತ್ಸಾಹದಲ್ಲಿ ಓಡಾಡುತ್ತೆ, ಆದ್ರೆ ಹೆಣ್ಣು ಅಷ್ಟು ಬೇಗ ಒಪ್ಪಲ್ಲ. ಆಗ ಸ್ಪೀಕರಿನಲ್ಲಿ ಹಾಡು ಹಾಕಿದ್ರೆ ಒಪ್ಪೋದು ಹೆಚ್ಚುತ್ತೆ. ಇಷ್ಟಾದ ಮೇಲೂ ಹಾಡು ಅನ್ನಬಾರದು ಅಂದ್ರೆ ನೀವೇ ಬೇರೆ ಪದ ಕೊಡಿ.

ಅನುಮಾನಪ್ಪ:
"ರೆಕ್ಕೆ ಸದ್ದು".

ಕೆರೆದಂಡೆ:
ಹಾಗಾದ್ರೆ ಸಂಗೀತ ಕಛೇರಿಗೆ ಗಂಟಲು ಸದ್ದು ಅನ್ನೋಣ ಸಾರ್.

ಅನುಮಾನಪ್ಪ:
ನಗಿ. ನಾನು ಹೇಳೋದಕ್ಕೆ ಕಾರಣ ಇದೆ. ಈ ಹಾಡಿನಲ್ಲಿ ಸುಮಾರು ಒಂದು ನಿಮಿಷಕ್ಕೊಮ್ಮೆ ಏರಿಳಿಯೋ ಲಯ ಇದೆ, ದೇಹದ ಗಡಿಯಾರದ "ಪೀರಿಯಡ್" ಜೀನೇ ಅದನ್ನೂ ನಡೆಸುತ್ತೆ ಅಂತ ಕಿರಿಯಾಕು ಮತ್ತು ಹಾಲ್ 1980ರಲ್ಲಿ ಬರೆದರು. 2014ರಲ್ಲಿ ಸ್ಟರ್ನ್ ಮತ್ತೆ ಲೆಕ್ಕ ಹಾಕಿ, ಅಂಥ ಲಯವೇ ಇಲ್ಲ, ಅದು ಲೆಕ್ಕ ಮಾಡಿದ ರೀತಿಯ ತಪ್ಪು ಅಂದರು. ಕಿರಿಯಾಕು ಕಡೆಯವರು ಒಪ್ಪಲಿಲ್ಲ, ತಿರುಗಿ ಬರೆದರು. ಗಡಿಯಾರದ ಕೆಲಸಕ್ಕೆ 2017ರಲ್ಲಿ ನೊಬೆಲ್ ಬಂದ ಮೂವರಲ್ಲಿ ಇದೇ ಹಾಲ್ ಒಬ್ಬರು. ಅಂಥವರ ಕಿವಿಯ ಮೇಲೇ ತಕರಾರು ಇರುವಾಗ ನಮ್ಮ ನಿಮ್ಮ ಕಿವಿ ಯಾವ ಲೆಕ್ಕ.

ರವೆಬಾಟಲಿ:
ಇದು ನ್ಯಾಯವಾದ ಮಾತು. ಲಯದ ಮೇಲೆ ತಕರಾರು ಇದೆ. ಹಾಡು ಇದೆಯೋ ಇಲ್ಲವೋ ಅನ್ನೋದರ ಮೇಲೆ ಇಲ್ಲ.

ಮಾವಿನತೋಪು:
ಹಣ್ಣಿನ ನೊಣ ಅಂತ ನೋಡಿ ಒಳಗೆ ಬಂದೆ. ನಮ್ಮದು ಶ್ರೀನಿವಾಸಪುರದ ಕಡೆ ತೋಟ. ಮೋಹಕ ಬಲೆ ಕಟ್ಟಿದ್ರೂ ಬಾದಾಮಿ ಕಾಯಲ್ಲಿ ಹುಳ ನಿಲ್ಲಲಿಲ್ಲ. ಬಲೆ ತುಂಬ ನೊಣ ಬಿದ್ದಿವೆ, ಕಾಯಿ ಕೊಯ್ದರೆ ಒಳಗೆ ಹುಳ. ಇದಕ್ಕೇನು ಮಾಡೋದು?

ರವೆಬಾಟಲಿ:
ಸಾರ್, ನಿಮ್ಮದು ಬೇರೆ ನೊಣ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಹೆಸರು ಹಾಕಿ ಗೊಂದಲ ಮಾಡಿದ್ದಾರೆ, ಕನ್ನಡದಲ್ಲೂ ಅದೇ ಬಂತು. ನಿಮ್ಮದು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್. ಮನೆನೊಣದಷ್ಟು ದೊಡ್ಡದು, ಕಣಜದ ಹಾಗೆ ಕಾಣುತ್ತೆ, ಗಟ್ಟಿ ಕಾಯಿಗೇ ಚುಚ್ಚಿ ಮೊಟ್ಟೆ ಇಡುತ್ತೆ. ಚುಕ್ಕಿಬಾಳೆಯವರದ್ದು ಕೊಳೆತ ಹಣ್ಣಿನ ಹುಳಿಗೆ ಬರೋದು.

ಗೊಬ್ಬರದಂಗಡಿ:
ಮಾವಿನತೋಪು ಅಣ್ಣ, ಬಲೆಗೆ ಬಿದ್ದದ್ದು ಬರೀ ಗಂಡು. ಮೀಥೈಲ್ ಯೂಜಿನಾಲ್ ವಾಸನೆಗೆ ಗಂಡುಗಳೇ ಬರೋದು. ಬಿಹಾರದ ಪೂಸಾದಲ್ಲಿದ್ದ ಹೌಲೆಟ್ ಅನ್ನೋರು ನೂರು ವರ್ಷದ ಹಿಂದೆಯೇ ಕಂಡುಹಿಡಿದದ್ದು. ನಮ್ಮ ತುಳಸಿಯಲ್ಲೂ ಅದೇ ಇದೆ. ಗಂಡು ಅದನ್ನ ತಿಂದು ಮೈಯೊಳಗೆ ಪರಿಮಳ ಮಾಡ್ಕೊಳ್ಳುತ್ತೆ. ಸಂಜೆ ಮರದ ಎಲೆಗಳಲ್ಲಿ ಗಂಡುಗಳು ಸೇರಿ ರೆಕ್ಕೆ ಬೀಸ್ತಾ ನಿಂತಾಗ, ತಿಂದು ಬಂದವನನ್ನೇ ಹೆಣ್ಣು ಹೆಚ್ಚು ಆರಿಸೋದು. ಮದುವೆ ಮನೆಗೆ ಹೋಗೋ ಮುಂಚೆ ಸೆಂಟು ಹಾಕ್ಕೊಂಡ ಹಾಗೆ.

ಬಲೆಯ ಲೆಕ್ಕ ಏನಂದ್ರೆ, ಗಂಡೇ ಇಲ್ಲದ ಹಾಗೆ ಮಾಡಿದ್ರೆ ಹೆಣ್ಣಿಗೆ ಮೊಟ್ಟೆ ಫಲಿಸಲ್ಲ. ಆದ್ರೆ ನೀವೊಬ್ಬರೇ ಕಟ್ಟಿದ್ರೆ ಪಕ್ಕದ ತೋಟದಲ್ಲಿ ಕೂಡಿ ಬಂದ ಹೆಣ್ಣು ನಿಮ್ಮ ಕಾಯಿಗೆ ಚುಚ್ಚುತ್ತೆ. ಕಾಯಿ ಬಲಿಯೋ ಮುಂಚೆಯೇ ಕಟ್ಟಬೇಕು, ಸುತ್ತಲಿನ ತೋಟದವರೂ ಕಟ್ಟಬೇಕು. ಬಿದ್ದ ಹಣ್ಣು ಆರಿಸಿ ಆಳವಾಗಿ ಹೂಳಬೇಕು. ಪೆಸಿಫಿಕ್‌ನ ರೋಟಾ ಅನ್ನೋ ಪುಟ್ಟ ದ್ವೀಪದಲ್ಲಿ 1960ರ ದಶಕದಲ್ಲಿ ಗಂಡು ನೊಣಗಳನ್ನೇ ಕೊಂದು ಈ ಪೀಡೆಯನ್ನ ಪೂರಾ ತೆಗೆದರು. ದ್ವೀಪ ಅಲ್ವಾ, ಪಕ್ಕದ ತೋಟ ಇಲ್ಲ.

ಮಾವಿನತೋಪು:
ಪಕ್ಕದವನ ಜೊತೆ ಬದುವಿನ ಜಗಳ. ಬಲೆ ಕಟ್ಟು ಅಂತ ಹೇಳೋಕೆ ಹೋದ್ರೆ ಅದಕ್ಕೂ ಪಂಚಾಯ್ತಿ.

ಹುಬ್ಬಳ್ಳಿ ಗಿರಮಿಟ್:
ನೊಣಕ್ಕ ಹೆಣ್ಣು ಸಿಗದಿದ್ರ ಎಣ್ಣಿ ಹೊಡೀತಾವಂತ, ಪೇಪರಿನ್ಯಾಗ ಓದಿದ್ದೆ. ಖರೇನಾ ಇಲ್ಲ ಬರೀ ಗಪ್ಪಾ?

ಪೇಪರ್‌ಹುಳ:
ಖರೆ. 2012ರಲ್ಲಿ ಬಂದ ಕೆಲಸ, ಸ್ಯಾನ್ ಫ್ರಾನ್ಸಿಸ್ಕೋದ್ದು. ಗಂಡುಗಳನ್ನ ಆಗಲೇ ಕೂಡಿದ ಹೆಣ್ಣುಗಳ ಜೊತೆ ಬಿಟ್ಟರು, ದಿನಕ್ಕೆ ಮೂರು ಸಲ ಒಂದೊಂದು ಗಂಟೆ, ನಾಲ್ಕು ದಿನ. ಪ್ರತಿ ಸಲವೂ ಒದೆ. ಆಮೇಲೆ ಎರಡು ಬಗೆಯ ಊಟ ಇಟ್ಟರು, ಒಂದು ಸಾದಾ, ಒಂದಕ್ಕೆ 15% ಆಲ್ಕೊಹಾಲ್. ಒದೆ ತಿಂದವು ಎಣ್ಣೆ ಊಟದ ಕಡೆಗೇ ಹೆಚ್ಚು ವಾಲಿದವು, ಸುಖವಾಗಿ ಕೂಡಿದವು ಅಷ್ಟು ವಾಲಲಿಲ್ಲ. ಮಿದುಳಿನಲ್ಲಿ ನ್ಯೂರೊಪೆಪ್ಟೈಡ್ ಎಫ್ ಅನ್ನೋದು ಒದೆ ತಿಂದವುಗಳಲ್ಲಿ ಕಮ್ಮಿ ಇತ್ತು. ಪತ್ರಿಕೆಗಳು ಅದನ್ನೇ ದೇವದಾಸ ಮಾಡಿದ್ದು.

ಅನುಮಾನಪ್ಪ:
ಕೊಳೆತ ಹಣ್ಣಿನಲ್ಲೇ ಹುಟ್ಟಿ ಬೆಳೆಯೋ ಹುಳಕ್ಕೆ ಆಲ್ಕೊಹಾಲ್ ಅಂದ್ರೆ ಅಮ್ಮನ ಕೈಯಡುಗೆ. ಅದನ್ನ ದುಃಖಕ್ಕೆ ಕುಡಿಯೋದು ಅನ್ನೋಕೆ ಆಗಲ್ಲ.

ಹುಬ್ಬಳ್ಳಿ ಗಿರಮಿಟ್:
ಇದು ಅನುಮಾನಪ್ಪ ಅವ್ರು ಇವತ್ತು ಬರೆದಿದ್ರಾಗ ಚೊಲೊ ಮಾತು.

ಮಲ್ಲಿಗೆಮೊಗ್ಗು:
ಎಲ್ಲರೂ ಗಂಡಿನ ಪಾಡೇ ಹೇಳ್ತಿದ್ದೀರಿ. ಒದೆ ತಿಂದ, ಕುಡಿದ, ಹಾಡಿದ. ಹೆಣ್ಣು ಸುಮ್ಮನೆ ನಡ್ಕೊಂಡು ಹೋಗ್ತಿದ್ದಾಳೆ ಅಷ್ಟೇನಾ? ನಾಚ್ಕೊಂಡು "ಬೇಡ ಬೇಡ" ಅಂತಿರೋದಾ?

ರವೆಬಾಟಲಿ:
ಥ್ಯಾಂಕ್ಸ್, ಇದನ್ನ ಯಾರಾದ್ರೂ ಕೇಳಲಿ ಅಂತ ಕಾಯ್ತಿದ್ದೆ. ನಾಚಿಕೆ ಅಲ್ಲ. ಅವಳು ಕೇಳ್ತಿದ್ದಾಳೆ, ಅಳೀತಿದ್ದಾಳೆ. ಒಂದು ದಿನದ ಒಳಗಿನ ಎಳೆ ಹೆಣ್ಣಾದ್ರೆ ಬೇಡ ಅಂತ ಒದೀತಾಳೆ, ರೆಕ್ಕೆ ಝಾಡಿಸ್ತಾಳೆ, ಹಾರಿ ಹೋಗ್ತಾಳೆ. ಆಗಲೇ ಕೂಡಿದವಳಾದ್ರೆ ಮೊಟ್ಟೆ ಇಡೋ ನಳಿಗೆಯನ್ನ ಹಿಂದಕ್ಕೆ ಉದ್ದ ಚಾಚಿಬಿಡ್ತಾಳೆ, ಅವನು ಏನು ಮಾಡಿದ್ರೂ ಆಗಲ್ಲ. ಬಲವಂತ ನಡೆಯೋದು ಕಷ್ಟ, ಅವಳು ಒಳಗಿನ ಫಲಕ ತೆರೆದು ಜಾಗ ಕೊಟ್ರೆ ಮಾತ್ರ.

ಚುಕ್ಕಿಬಾಳೆಯವರು ಹತ್ತು ನಿಮಿಷ ನೋಡಿದ್ರೂ ಕೂಡೋದು ಕಾಣಲಿಲ್ಲ ಅಂದ್ರಲ್ಲ, ಕಾರಣ ಇದೇ ಇರಬೇಕು. ಬಾಳೆಹಣ್ಣಿಗೆ ಬಂದ ಹೆಣ್ಣುಗಳಲ್ಲಿ ಬಹಳಷ್ಟು ಆಗಲೇ ಕೂಡಿ ಮೊಟ್ಟೆ ಇಡೋಕೆ ಬಂದವು. ಗಂಡು ವೀರ್ಯದ ಜೊತೆ 36 ಅಮೈನೊ ಆಮ್ಲದ ಒಂದು ಪುಟ್ಟ ಪ್ರೋಟೀನು ಕೊಟ್ಟಿರ್ತಾನೆ, ಸೆಕ್ಸ್ ಪೆಪ್ಟೈಡ್ ಅಂತ. ಅದು ವೀರ್ಯಾಣುವಿನ ಬಾಲಕ್ಕೆ ಅಂಟಿಕೊಂಡು ಅವಳೊಳಗೇ ಉಳಿಯುತ್ತೆ. ಸುಮಾರು ಒಂದು ವಾರ ಅವಳಿಗೆ ಬೇರೆ ಗಂಡು ಬೇಡ, ಮೊಟ್ಟೆ ಇಡೋದೇ ಕೆಲಸ. ಗಂಡು ತನ್ನ ವಾಸನೆಯೊಂದನ್ನೂ ಅವಳಿಗೆ ಬಳಿದು ಹೋಗ್ತಾನೆ, ಉಳಿದ ಗಂಡುಗಳು ಅದನ್ನ ಮೂಸಿ ಹಿಂಜರಿಯಲಿ ಅಂತ.

ಮಲ್ಲಿಗೆಮೊಗ್ಗು:
ಅಂದ್ರೆ ಮದುವೆಗೆ ಮುಂಚೆ ಇವಳ ಮಾತು, ಮದುವೆ ಆದ ಮೇಲೆ ಅವನು ಕೊಟ್ಟ ಔಷಧಿಯ ಮಾತು. ಗೊತ್ತಿರೋ ಕಥೆ.

ಕಡಲತಡಿ:
ಹಳದಿ ನೊಣದ ಸಂಗತಿ ಯಾರೂ ಹೇಳಲಿಲ್ಲ. ಮಾರ್ಗರೆಟ್ ಬಾಸ್ಟಾಕ್ ಅಂತ ಆಕ್ಸ್‌ಫರ್ಡಿನವರು. "ಯೆಲ್ಲೊ" ಅನ್ನೋ ಜೀನ್ ಕೆಟ್ಟ ಗಂಡುಗಳು ಮೈಬಣ್ಣದಲ್ಲಿ ಹಳದಿ, ಹೆಣ್ಣು ಅವನ್ನ ಒಪ್ಪೋದು ಕಮ್ಮಿ. ರೆಕ್ಕೆ ಸರಿಯಾಗಿ ನಡುಗಿಸಲ್ಲ, ಅದಕ್ಕೇ ಅಂತ 1956ರಲ್ಲಿ ಅವರು ತೋರಿಸಿದರು. ಒಂದು ಜೀನು ನಡತೆಯನ್ನೇ ಬದಲಾಯಿಸುತ್ತೆ ಅಂತ ಪಾಠದಲ್ಲೆಲ್ಲ ಬಂತು.

ಪೇಪರ್‌ಹುಳ:
ಆ ಪಾಠವನ್ನ ಈಗ ತಿದ್ದಬೇಕು. 2019ರಲ್ಲಿ ಮತ್ತೆ ನೋಡಿದಾಗ ದೋಷ ಇದ್ದದ್ದು ಮುಂಗಾಲಿನ ಬಾಚಣಿಗೆಯಲ್ಲಿ. ಆ ಜೀನ್ ಕೆಟ್ಟರೆ ಬಾಚಣಿಗೆಯ ಹಲ್ಲಿಗೆ ಕಪ್ಪು ಬಣ್ಣ ಬರಲ್ಲ. ಆ ಬಣ್ಣ ಇಲ್ಲದಿದ್ರೆ ಹೆಣ್ಣನ್ನ ಹಿಡಿದು ಹತ್ತೋಕೆ ಆಗಲ್ಲ. ಅರವತ್ತು ವರ್ಷ ಮನಸ್ಸಿನಲ್ಲಿ ಹುಡುಕಿದ್ದು ಕಾಲಲ್ಲಿ ಸಿಕ್ಕಿತು.

ಕಡಲತಡಿ:
ಓ, ಇದು ನಂಗೆ ಗೊತ್ತಿರಲಿಲ್ಲ ಮಾರಾಯ್ರೆ. ಹತ್ತು ವರ್ಷ ಮಕ್ಕಳಿಗೆ ಹಳೇದನ್ನೇ ಹೇಳಿದ್ದೇನೆ.

ಕೆರೆದಂಡೆ:
ಹಾಡೋಕೆ ಯಾರು ಕಲಿಸ್ತಾರೆ ಇವಕ್ಕೆ? ಅಪ್ಪನಾ?

ರವೆಬಾಟಲಿ:
ಯಾರೂ ಇಲ್ಲ. ಒಂಟಿಯಾಗಿ ಬೆಳೆಸಿದ ಗಂಡೂ ಮೊದಲ ಸಲವೇ ಹಾಡುತ್ತೆ. "ಫ್ರೂಟ್‌ಲೆಸ್" ಅನ್ನೋ ಜೀನ್ ಇದರ ಸೂತ್ರಧಾರ. ಅದನ್ನ ಮೊದಲು ಕಂಡದ್ದು ಯೇಲ್‌ನಲ್ಲಿದ್ದ ಕುಲಬೀರ್ ಗಿಲ್, 1963ರಲ್ಲಿ. ಕೆಲವು ಗಂಡುಗಳು ಗಂಡುಗಳ ಹಿಂದೆಯೇ ಸುತ್ತುತ್ತಿದ್ದವು, ಮಕ್ಕಳಾಗುತ್ತಿರಲಿಲ್ಲ. 2005ರಲ್ಲಿ ವಿಯೆನ್ನಾದಲ್ಲಿ ಡೆಮಿರ್ ಮತ್ತು ಡಿಕ್ಸನ್ ಈ ಜೀನಿನ ಗಂಡು ರೂಪವನ್ನ ಹೆಣ್ಣು ನೊಣದಲ್ಲಿ ಇಟ್ಟರು. ಆ ಹೆಣ್ಣು ಉಳಿದ ಹೆಣ್ಣುಗಳ ಹಿಂದೆ ಹೋಗಿ, ತಟ್ಟಿ, ರೆಕ್ಕೆ ಚಾಚಿತು.

ಆದ್ರೆ ಕಲಿಕೆ ಇಲ್ಲವೇ ಇಲ್ಲ ಅನ್ನಬೇಡಿ. ಕೂಡಿದ ಹೆಣ್ಣಿನ ಕೈಲಿ ಒಂದು ಗಂಟೆ ಒದೆ ತಿಂದ ಗಂಡು ಆಮೇಲೆ ಸ್ವಲ್ಪ ಹೊತ್ತು ಯಾವ ಹೆಣ್ಣಿನ ತಂಟೆಗೂ ಅಷ್ಟಾಗಿ ಹೋಗಲ್ಲ. 1979ರಿಂದ ಗೊತ್ತಿರೋ ವಿಷಯ.

ಚುಕ್ಕಿಬಾಳೆ:
ನಾನೀಗ ಕೂಡೋದನ್ನ ನೋಡದೆ ಬಿಡಲ್ಲ. ಮನೇಲಿ ಹೇಗೆ ಮಾಡೋದು ಹೇಳಿ. ಬಾಟಲಿಗೆ ಏನು ಹಾಕಬೇಕು?

ರವೆಬಾಟಲಿ:
ಮೈಸೂರಿನ ಕಡೆ ಲ್ಯಾಬುಗಳಲ್ಲಿ ಹಾಕೋದು ರವೆ, ಬೆಲ್ಲ, ಅಗರ್. ಒಂದು ಲೀಟರ್ ನೀರಿಗೆ ರವೆ 100 ಗ್ರಾಂ, ಬೆಲ್ಲ 100 ಗ್ರಾಂ, ಅಗರ್ ಸುಮಾರು 10 ಗ್ರಾಂ, ಬೂಷ್ಟು ಹಿಡಿಯದ ಹಾಗೆ ಕೊನೆಗೆ ಸ್ವಲ್ಪ ಪ್ರೊಪಿಯಾನಿಕ್ ಆಮ್ಲ. ಆಮ್ಲ ಬಿಟ್ರೆ ತುಪ್ಪ ಇಲ್ಲದ ಸಜ್ಜಿಗೆಯೇ. ನನ್ನ ಹೆಸರಿನ ಗುಟ್ಟು ಗೊತ್ತಾಯ್ತಲ್ಲ. ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾಗಳ ಸಂಗ್ರಹ ಕೇಂದ್ರವೇ ಇದೆ, ಅಲ್ಲಿಯವರು ನಮ್ಮ ಕಡೆಯ ನಸೂಟಾ, ಬೈಪೆಕ್ಟಿನೇಟಾ ಜಾತಿಗಳ ಮೇಲೆ ಬಹಳ ಕೆಲಸ ಮಾಡಿದ್ದಾರೆ.

ನಿಮಗೆ ಅಷ್ಟು ಬೇಡ, ಮಾಗಿದ ಬಾಳೆಹಣ್ಣು ಬಾಟಲಿಗೆ ಹಾಕಿ ಹತ್ತಿ ತುರುಕಿ. ಹತ್ತು ದಿನದಲ್ಲಿ ಹೊಸ ನೊಣ. ಗಾಜಿಗೆ ಅಂಟಿರೋ ಕಂದು ಕೋಶ ಕಪ್ಪಾಗ್ತಾ ಬಂದಾಗ ಒದ್ದೆ ಕುಂಚದಲ್ಲಿ ಬಿಡಿಸಿ ಒಂದೊಂದನ್ನೂ ಬೇರೆ ಬೇರೆ ಪುಟ್ಟ ಸೀಸೆಗೆ ಹಾಕಿ, ಪ್ರತಿಯೊಂದಕ್ಕೂ ಚೂರು ಹಣ್ಣು. ಹೊರಬಂದ ಮೇಲೆ ಮೂರು ದಿನ ಬಿಡಿ. ಆಮೇಲೆ ಒಂದು ಗಂಡು, ಒಂದು ಹೆಣ್ಣು.

ಬೇರೆ ಬೇರೆ ಇಡೋದು ಮರೀಬೇಡಿ. 25 ಡಿಗ್ರಿಯಲ್ಲಿ ಹೊರಬಂದು ಎಂಟು ಗಂಟೆಯೊಳಗೆ ಹೆಣ್ಣನ್ನ ಆರಿಸಿ ತೆಗೀಬೇಕು ಅಂತ ನಿಯಮ. ನಾನೊಂದು ದಿನ ಬೆಳಗಿನ ಜಾವದ ಅಲಾರಂ ಆರಿಸಿ ಮಲಗಿದೆ. ಒಂದೂವರೆ ತಿಂಗಳ ಕೆಲಸ ಮೋರಿಗೆ. ಗೈಡ್ ಏನೂ ಅನ್ನಲಿಲ್ಲ, ಹೊಸ ಬಾಟಲಿಗಳ ಟ್ರೇ ತಂದು ಮುಂದೆ ಇಟ್ಟರು. ಬೈದಿದ್ರೆ ಚೆನ್ನಾಗಿತ್ತು.

ಕೆರೆದಂಡೆ:
ಮನೇಲಿ ನೊಣ ಸಾಕೋಕೆ ಸಲಹೆ ಕೊಡೋ ಜಾಗ ಇದೊಂದೇ.

(ಹದಿನೇಳು ದಿನದ ನಂತರ)

ಚುಕ್ಕಿಬಾಳೆ:
ನೋಡಿದೆ!

ಆರು ಸೀಸೆಯಲ್ಲಿ ಎರಡಕ್ಕೆ ಬೂಷ್ಟು ಬಂತು. ಉಳಿದದ್ದರಲ್ಲಿ ಮೂರು ಹೆಣ್ಣು, ಒಂದು ಗಂಡು. ನಿನ್ನೆ ಬೆಳಿಗ್ಗೆ ಏಳು ಗಂಟೆಗೆ ಜೋಡಿ ಬಿಟ್ಟೆ. ಗಂಡು ಮೊದಲು ಗಾಜು ಹತ್ತಿ ಇಳಿದು ಕಾಲ ಕಳೆಯಿತು. ಆಮೇಲೆ ಅವಳನ್ನ ಕಂಡು ಗಕ್ಕನೆ ತಿರುಗಿ ನಿಂತಿತು. ತಟ್ಟಿತು. ರೆಕ್ಕೆ. ಅವಳು ನಡೆದಳು, ಅದೂ ನಡೆಯಿತು. ನಾನು ಇವಳು ಒಪ್ಪಿದ್ರೆ ಏನೋ ಒಂದು ಗುರುತು ಕೊಡ್ತಾಳೆ, ರೆಕ್ಕೆ ಆಡಿಸ್ತಾಳೆ, ತಿರುಗಿ ನೋಡ್ತಾಳೆ ಅಂತ ಕಾಯ್ತಿದ್ದೆ. ಅಂಥದ್ದೇನೂ ಆಗಲಿಲ್ಲ. ನಡಿಗೆ ನಿಧಾನ ಆಯ್ತು. ನಾಲ್ಕು ಹೆಜ್ಜೆ, ನಿಲ್ಲೋದು. ಎರಡು ಹೆಜ್ಜೆ, ನಿಲ್ಲೋದು. ಆಮೇಲೆ ನಿಂತೇಬಿಟ್ಟಳು. ಅಷ್ಟೇ. ಅದು ರೆಕ್ಕೆ ಮಡಚಿ ಹತ್ತಿತು.

ಗಡಿಯಾರ ನೋಡಿದೆ, 17 ನಿಮಿಷ. ಕೊನೆಗೆ ಅವಳೇ ಹಿಂಗಾಲಲ್ಲಿ ತಳ್ಳೋಕೆ ಶುರು ಮಾಡಿದಳು. ಇಳಿದ ಮೇಲೆ ಗಂಡು ಅಲ್ಲೇ ಮುಂಗಾಲು ಉಜ್ಜಿಕೊಂಡು ನಿಂತಿತು. ಅವಳು ಹಣ್ಣಿನ ಚೂರಿನ ಕಡೆ ನಡೆದಳು.

ಮಲ್ಲಿಗೆಮೊಗ್ಗು:
"ನಿಂತೇಬಿಟ್ಟಳು." ಇದನ್ನ ಎರಡು ಸಲ ಓದಿದೆ.

ಅನುಮಾನಪ್ಪ:
ಒಂದು ಜೋಡಿ ನೋಡಿ ತೀರ್ಮಾನ ಮಾಡಬೇಡಿ. ಉಳಿದ ಎರಡು ಹೆಣ್ಣಿಗೂ ಗಂಡು ಹುಡುಕಿ ಬಿಡಿ, ಸಮಯ ಬರ್ಕೊಳ್ಳಿ. ವಿಡಿಯೊ ಇದ್ರೆ ಹಾಕಿ.

ಚುಕ್ಕಿಬಾಳೆ:
ಆಗಲ್ಲ ಸಾರ್. ಉಪ್ಪಿನಕಾಯಿ ಹಾಕೋಕೆ ಸೀಸೆ ಬೇಕು ಅಂತ ಅಮ್ಮ ಮಧ್ಯಾಹ್ನವೇ ಎಲ್ಲ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಾರೆ.

ಹುಬ್ಬಳ್ಳಿ ಗಿರಮಿಟ್:
ಯಾವ ಉಪ್ಪಿನಕಾಯ್ರೀ, ಮಾವಿಂದಾ? ತೋಪಿನವ್ರ ಕಡೆ ಕಾಯಿ ತರಿಸಬ್ಯಾಡ್ರಿ, ಹುಳ ಐತಂತ.

ಮಾವಿನತೋಪು:
ಉಪ್ಪಿನಕಾಯಿಗೆ ಎಳೆಗಾಯಿ, ಅದಕ್ಕೆ ಹುಳ ಬರಲ್ಲ. ಪಕ್ಕದವನೂ ಬಲೆ ಕಟ್ಟಿದ್ದಾನೆ ಈಗ.